ಅರ್ಧರ್ಧ ಕಂಡ ‘ಕೆರೆ ಬೀದಿ’

ಕಳೆದ ತಿಂಗಳು ಶೃಂಗೇರಿಗೆ ಹೋಗುವಾಗ ಕೊಪ್ಪದಲ್ಲಿ ಇಳಿದು, ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದೆ. ಬನ್ಸ್ ಇನ್ನೂ ಮೇಜಿಗೆ ಬಂದಿರಲಿಲ್ಲ, ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಒಳಗಿನ ಅಡುಗೆಮನೆಯಿಂದ ಹೆಂಗಸೊಬ್ಬರ ದನಿ ಕೇಳಿಸಿತು: “ಕರೆಂಟು ಈಗಲೇ ತೆಗೀಬೇಕಿತ್ತಾ ಇವ್ರಿಗೆ?” ನನಗೆ ಗೊತ್ತಿಲ್ಲದೆಯೇ ನನ್ನ ಎಡಗೈ ಮೇಜಿನ ಮೇಲೆ ಫೋನಿನ ರಿಸೀವರ್ ಹುಡುಕಿತು. ಕೊಪ್ಪ ಬಿಟ್ಟು ಹದಿನೈದು ವರ್ಷದ ಮೇಲಾಯಿತು. ಆ ಮಾತು ಕಿವಿಗೆ ಬಿದ್ದರೆ ಈಗಲೂ ನಾನು ಅಪರಾಧಿಯ ಹಾಗೆ ಸರಿದು ಕೂರುತ್ತೇನೆ. ಒಂದು ಕಾಲದಲ್ಲಿ ಆ ‘ಇವ್ರು’ ಅಂದರೆ ನಾನೇ ಆಗಿದ್ದೆ.

ನಾನು ಕಡೂರು ಕಡೆಯವನು. ಎರಡು ಸಾವಿರದ ಏಳೋ ಎಂಟೋ ಇರಬೇಕು, ದೀಪಾವಳಿ ಕಳೆದ ಮೇಲೆ ಕೊಪ್ಪದ ಹತ್ತಿರದ ಒಂದು ಸಬ್‌ಸ್ಟೇಷನ್ನಿಗೆ ಆಪರೇಟರ್ ಆಗಿ ವರ್ಗವಾಗಿ ಬಂದೆ. ಕೆಲಸ ಸರಳ. ಗೋಡೆಯುದ್ದಕ್ಕೂ ನಿಂತ ಕಬ್ಬಿಣದ ಪೆಟ್ಟಿಗೆಗಳ ಮುಂದೆ ಕೂತು, ಮೀಟರಿನ ಮುಳ್ಳು ಏನು ತೋರಿಸುತ್ತದೋ ಅದನ್ನು ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯಬೇಕು. ಮೇಲಿನವರಿಂದ ಫೋನ್ ಬಂದರೆ ಯಾವುದಾದರೂ ಒಂದು ಲೈನನ್ನು ನಿಲ್ಲಿಸಬೇಕು. ಒಂದು ಲೈನು ಬಾಳಗಡಿಯ ಕಡೆಗೆ ಹೋಗುತ್ತಿತ್ತು, ಇನ್ನೊಂದು ಮೇಗುಂದದ ಕಡೆಗೆ. ಆ ವರ್ಷ ವಿದ್ಯುತ್ತಿನ ಕೊರತೆ ಎಂದು ಪ್ರತಿ ಸಂಜೆ ಇವೆರಡರಲ್ಲಿ ಒಂದನ್ನು ಒಂದು ಗಂಟೆ, ಅದಾದ ಮೇಲೆ ಇನ್ನೊಂದನ್ನು ಒಂದು ಗಂಟೆ ನಿಲ್ಲಿಸಬೇಕೆಂದು ಆದೇಶವಾಗಿತ್ತು. ಸಂಜೆ ಪಾಳಿ ಯಾವಾಗಲೂ ನನ್ನದೇ. ಮದುವೆಯಾಗದವನು, ಹೊಸಬ, ಸಂಜೆ ಹೊತ್ತು ಹೋಗಲು ಬೇರೆ ಜಾಗವಿಲ್ಲದವನು, ಹಾಗಾಗಿ ಉಳಿದವರು ಪಾಳಿಯನ್ನು ಪ್ರೀತಿಯಿಂದಲೇ ನನ್ನ ತಲೆಗೆ ಕಟ್ಟಿದ್ದರು.

ಇಷ್ಟರಲ್ಲೇ ‘ಕೆರೆ ಬೀದಿ’ ಧಾರಾವಾಹಿ ಶುರುವಾಗಿದ್ದು. ಸಂಜೆ ಏಳೂವರೆಯಿಂದ ಎಂಟರವರೆಗೆ, ಆಂಟೆನಾ ಇದ್ದವರಿಗೂ ಸಿಗುವ ಚಾನೆಲ್ಲಿನಲ್ಲಿ, ವಾರಕ್ಕೆ ಐದು ದಿನ. ಯಾವುದೋ ಊರಿನ ಕೆರೆಯ ಪಕ್ಕದ ಒಂದು ಬೀದಿ, ನಾಲ್ಕು ಮನೆ, ಹದಿನಾಲ್ಕು ಹದಿನೈದು ಜನ. ಮೊದಲ ಆರು ವಾರ ಅದರಲ್ಲಿ ಏನೇನೂ ಆಗಲಿಲ್ಲ. ಒಂದು ಮನೆಯ ಮುದುಕರು ಮೂರು ಕಂತು ಕನ್ನಡಕ ಹುಡುಕಿದರು. ಇನ್ನೊಂದು ಮನೆಯಲ್ಲಿ ಬಾವಿಗೆ ರಾಟೆ ಹಾಕಿಸುವ ಮಾತು ಒಂದು ವಾರ ನಡೆಯಿತು. ಕೊನೆಗೂ ರಾಟೆ ಹಾಕಿಸಲಿಲ್ಲ. ನನ್ನ ಹಿಂದೆ ಇದ್ದ ಆಪರೇಟರ್ ಬಿಟ್ಟುಹೋದ ಸಣ್ಣ ಟೀವಿಯೊಂದು ಕಂಟ್ರೋಲ್ ರೂಮಿನ ಕಿಟಕಿಯಲ್ಲಿ ಇತ್ತು. ಬೇರೆ ಕೆಲಸವಿಲ್ಲದ್ದಕ್ಕೆ ನೋಡುತ್ತಿದ್ದೆ, ಅದೂ ಬೈದುಕೊಂಡು.

ನಾನು ಉಳಿದುಕೊಂಡಿದ್ದು ಬಾಳಗಡಿಯಲ್ಲಿ, ಗಿರಿಜಮ್ಮನವರ ಮನೆಯ ಮಹಡಿಯ ಕೋಣೆಯಲ್ಲಿ. ಅವರು ನರಸಿಂಹರಾಜಪುರದ ಕಡೆಯವರು, ನಲವತ್ತೈದು ದಾಟಿದವರು, ಹಣೆಗೆ ವಿಭೂತಿ ಇಟ್ಟುಕೊಂಡೇ ಬೆಳಗಿನ ಕೆಲಸಕ್ಕೆ ಕೈ ಹಾಕುವವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯ ಕೆಳಗೆ ರಸ್ತೆಗೆ ತಾಗಿದ ಹಾಗೆ ಅವರದೇ ಹೊಲಿಗೆ ಅಂಗಡಿ. ರವಿಕೆ ಹೊಲಿಯುವುದರಲ್ಲಿ ಹೆಸರು ಮಾಡಿದ್ದರು. ನಾನು ಹೋದಾಗ ಅಂಗಡಿಯಲ್ಲಿ ಒಂದೇ ಹೊಲಿಗೆ ಮಿಷನ್ ಇತ್ತು, ಆದರೆ ಅದರ ಎದುರಿಗೆ ಇನ್ನೊಂದು ಮಿಷನ್ನಿನಷ್ಟು ಜಾಗ ಖಾಲಿ ಬಿಟ್ಟಿದ್ದರು. ಅಲ್ಲಿ ನನ್ನ ಸೈಕಲ್ ನಿಲ್ಲಿಸಲೇ ಎಂದು ಕೇಳಿದ್ದಕ್ಕೆ, “ಅಲ್ಲಿ ಬ್ಯಾಡ” ಎಂದಷ್ಟೇ ಹೇಳಿದರು. ಯಾಕೆ ಎಂದು ನಾನೂ ಕೇಳಲಿಲ್ಲ.

‘ಕೆರೆ ಬೀದಿ’ಯ ಬಗ್ಗೆ ಮೊದಲು ಅಭಿಪ್ರಾಯ ಹೇಳಿದವರು ಅವರೇ. “ಇದೆಂತ ಧಾರಾವಾಹಿಯಾ ಮಾರಾಯ್ರೆ, ಪಕ್ಕದ ಮನೇಲಿ ಕಿಟಕಿ ತೆರೆದಿಟ್ಟ ಹಾಗಿದೆ. ಎಂತದೂ ಆಗೂದೇ ಇಲ್ಲ.” ಹಾಗೆನ್ನುತ್ತಲೇ ಮರುದಿನವೂ ನೋಡುತ್ತಿದ್ದರು. ಡಿಸೆಂಬರ್ ಬರುವಷ್ಟರಲ್ಲಿ ಕನ್ನಡಕದ ಮುದುಕರಿಗೆ ಕೆಮ್ಮು ಹೆಚ್ಚಾದರೆ ಇವರು ಇಲ್ಲಿ ಕಾಳುಮೆಣಸಿನ ಕಷಾಯದ ಸಲಹೆ ಕೊಡುತ್ತಿದ್ದರು. ಊರಿಗೆ ಊರೇ ಹಾಗಾಗಿತ್ತು. ನನಗೆ ಅದು ಮೀಟರಿನಲ್ಲೇ ತಿಳಿಯುತ್ತಿತ್ತು. ಏಳೂವರೆಗೆ ಸರಿಯಾಗಿ ಮಿಕ್ಸಿ, ಗ್ರೈಂಡರುಗಳೆಲ್ಲ ನಿಂತು ಮುಳ್ಳು ಚೂರು ಕೆಳಗೆ ಇಳಿಯುತ್ತಿತ್ತು. ಜಾಹೀರಾತು ಬಂದಾಗ ಒಮ್ಮೆ ಎದ್ದು, ಮುಗಿದಾಗ ಮತ್ತೆ ಕೂರುತ್ತಿತ್ತು. ಜನ ಯಾವುದನ್ನು ಎಷ್ಟು ನೋಡುತ್ತಾರೆ ಎಂದು ಲೆಕ್ಕ ಹಾಕುವ ದೊಡ್ಡ ಕಂಪನಿಗಳಿರುತ್ತವಂತೆ. ನನ್ನ ಬಳಿ ಆ ಮುಳ್ಳೊಂದಿತ್ತು, ಸಾಕಾಗಿತ್ತು.

ಆಮೇಲೆ ಫೋನು ಶುರುವಾಯಿತು. ಒಂದು ವಾರ ಬಾಳಗಡಿಗೆ ಏಳರಿಂದ ಎಂಟು ಕತ್ತಲೆಯಾದರೆ, ಮುಂದಿನ ವಾರ ಮೇಗುಂದಕ್ಕೆ. ಯಾವ ಲೈನಿನ ಪಾಲಿಗೆ ಆ ಗಂಟೆ ಬಂತೋ ಆ ಲೈನಿನವರು ಸಬ್‌ಸ್ಟೇಷನ್ನಿನ ಫೋನಿಗೆ ಬಿಡುವು ಕೊಡುತ್ತಿರಲಿಲ್ಲ. ದೂರು ಪುಸ್ತಕದಲ್ಲಿ ‘ತಂತಿ ಹರಿದಿದೆ’, ‘ಕಂಬ ವಾಲಿದೆ’ ಎಂದು ಬರೆಯುವ ಕಡೆ ನಾನು ‘ಮುದುಕರ ಕೆಮ್ಮು ಏನಾಯಿತು ತಿಳಿಸಿ’ ಎಂದು ಬರೆದುಕೊಂಡದ್ದೂ ಇದೆ. ಅದನ್ನು ನೋಡಿದ ನಮ್ಮ ಇಂಜಿನಿಯರು ಬೈಯುವ ಬದಲು ಕೆಳಗೆ ಸಹಿ ಹಾಕಿದರು. ಅವರ ಮನೆ ಬಾಳಗಡಿ ಲೈನಿನಲ್ಲಿತ್ತು.

ನನಗೆ ನ್ಯಾಯದ ಹುಚ್ಚು ಸ್ವಲ್ಪ ಜಾಸ್ತಿ. ನಾಲ್ಕು ಜನ ಅಣ್ಣತಮ್ಮಂದಿರ ನಡುವೆ ಬೆಳೆದವನು, ಹೋಳಿಗೆಯನ್ನು ಅಳತೆ ಮಾಡಿ ಹರಿದು ಗೊತ್ತಿದ್ದವನು. ಜನವರಿಯ ಒಂದು ಸಂಜೆ ನನಗೆ ಭಾರೀ ಉಪಾಯವೊಂದು ಹೊಳೆಯಿತು. ಗಂಟೆಯನ್ನು ಏಳಕ್ಕೆ ಶುರು ಮಾಡುವ ಬದಲು ಆರೂಮುಕ್ಕಾಲಿಗೆ ಶುರು ಮಾಡಿದರಾಯಿತು. ಬಾಳಗಡಿಗೆ ಏಳೂಮುಕ್ಕಾಲಿಗೆ ಕರೆಂಟು ಬರುತ್ತದೆ, ಅದೇ ನಿಮಿಷಕ್ಕೆ ಮೇಗುಂದದ್ದು ಹೋಗುತ್ತದೆ. ಮೇಗುಂದದವರಿಗೆ ಧಾರಾವಾಹಿಯ ಮೊದಲ ಅರ್ಧ, ಬಾಳಗಡಿಯವರಿಗೆ ಕೊನೆಯ ಅರ್ಧ. ದಿನವೂ, ಇಬ್ಬರಿಗೂ, ಸಮಪಾಲು. ಒಂದು ದಿನ ಇವರಿಗೆ ಪೂರ್ತಿ, ಒಂದು ದಿನ ಅವರಿಗೆ ಪೂರ್ತಿ ಕೊಡಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಬಹುದು. ಹೋಳಿಗೆ ಹರಿದ ಕೈಗೆ ಅದು ಹೊಳೆಯಲೇ ಇಲ್ಲ.

ಸಬ್‌ಸ್ಟೇಷನ್ನಿಗೆ ಮಾತ್ರ ಕರೆಂಟು ಹೋಗುವ ಮಾತೇ ಇರಲಿಲ್ಲ. ಹಾಗಾಗಿ ಆ ಎರಡು ಲೈನುಗಳ ಉದ್ದಕ್ಕೂ ‘ಕೆರೆ ಬೀದಿ’ಯನ್ನು ಪೂರ್ತಿಯಾಗಿ ನೋಡುತ್ತಿದ್ದವನು ಬಹುಮಟ್ಟಿಗೆ ನಾನೊಬ್ಬನೇ ಆದೆ. ಸಂಜೆ ಎಂಟರ ಮೇಲೆ ಮೇಗುಂದದವರಿಗೆ ಫೋನಿನಲ್ಲಿ ಕೊನೆಯ ಅರ್ಧ ಹೇಳುವುದು, ಬೆಳಿಗ್ಗೆ ಬಾಳಗಡಿಯವರಿಗೆ ಗಿರಿಜಮ್ಮನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಮೊದಲ ಅರ್ಧ ಹೇಳುವುದು. ಮಾಘದ ಚಳಿ, ಇಬ್ಬನಿ ಇನ್ನೂ ಹಂಚಿನಿಂದ ತೊಟ್ಟಿಕ್ಕುತ್ತಿರುವ ಹೊತ್ತು, ಕೈಯಲ್ಲಿ ಗಿರಿಜಮ್ಮ ಕೊಟ್ಟ ಕಾಫಿ. ಹೆಂಗಸರು ರವಿಕೆ ಬಟ್ಟೆ ಹಿಡಿದುಕೊಂಡು ನಿಂತು ಕೇಳುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನಾನು ಅಷ್ಟು ಬೇಕಾದವನಾಗಿ ಬದುಕಿದ್ದು ಅದೇ ಮೊದಲು.

ಕಥೆಯೂ ಆ ಹೊತ್ತಿಗೆ ಕಾವೇರಿತ್ತು. ಆ ಬೀದಿಯಲ್ಲಿ ಭಾಗೀರಥಿ ಎಂಬ ಒಂಟಿ ಹೆಂಗಸು, ಅವಳ ಪಕ್ಕದ ಮನೆಯಲ್ಲಿ ಸರಸು. ಇಬ್ಬರೂ ಒಂದೇ ಒರಳಿನಲ್ಲಿ ಅರೆದು ತಿಂದಷ್ಟು ಸ್ನೇಹಿತೆಯರು. ಸರಸುವಿನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಹತ್ತಿರ ಭಾಗೀರಥಿ ಏನೋ ಮಾತಾಡಿದಳು, ಸಂಬಂಧ ಮುರಿಯಿತು, ಸರಸು ಮಾತು ಬಿಟ್ಟಳು. ಈ ಕಂತು ಬಂದ ದಿನ ಎಂಟು ಗಂಟೆ ಹೊಡೆದ ಕೂಡಲೇ ಮೇಗುಂದದಿಂದ ಫೋನ್ ಬಂತು. “ನಾನು ನೂರ್‌ಜಹಾನ್ ಅಂತ, ಸ್ಕೂಲ್ ಹತ್ರ ಕಿರಾಣಿ ಅಂಗಡಿ ನಮ್ಮದು. ಕರೆಂಟ್ ಹೋದ ಮೇಲೆ ಎಂತ ಆಯ್ತು ಸಾರ್?”

“ಏನಿಲ್ಲಮ್ಮ, ಭಾಗೀರಥಿ ಅಡುಗೆಮನೇಲಿ ಕೂತು ಅತ್ತಳು. ಅಷ್ಟೆ.”

“ಅಳ್ತಾಳಾ? ಮಾಡೋದೆಲ್ಲ ಮಾಡಿ ಅಳೋದಾ?” ಎಂದು ಅವರು ಇಟ್ಟುಬಿಟ್ಟರು.

ಬೆಳಿಗ್ಗೆ ಇದನ್ನು ತಮಾಷೆಯ ಹಾಗೆ ಗಿರಿಜಮ್ಮನಿಗೆ ಹೇಳಿದೆ. ಹೆಸರು ಕೇಳಿದ್ದೇ ಅವರು ಮಿಷನ್ನಿನ ಪೆಡಲು ತುಳಿಯುವುದನ್ನು ನಿಲ್ಲಿಸಿದರು. ಎದುರಿನ ಖಾಲಿ ಜಾಗ ಯಾರದ್ದೆಂದು ನನಗೆ ಅವತ್ತು ತಿಳಿಯಿತು. ಒಂಬತ್ತು ವರ್ಷ ನೂರ್‌ಜಹಾನ್ ದಿನವೂ ಮೇಗುಂದದಿಂದ ಬಸ್ಸಿನಲ್ಲಿ ಬಂದು ಅಲ್ಲಿ ಕೂತು ಹೊಲಿಯುತ್ತಿದ್ದರು. ಎರಡು ಮಿಷನ್ನು ಎದುರುಬದುರು. ಇವರು ರವಿಕೆ, ಅವರು ಚೂಡಿದಾರ. ಹಿಂದಿನ ವರ್ಷ ಅವರ ಮಗಳು ಶಮೀಮಳಿಗೆ ಶೃಂಗೇರಿಯಿಂದ ಒಂದು ಸಂಬಂಧ ಬಂದಿತ್ತು. ಆಕೆ ಬಾಳಗಡಿಯ ಕಾಲೇಜಿನಲ್ಲಿ ಓದುತ್ತಿದ್ದಳು. ಗಂಡಿನ ಕಡೆಯ ಹೆಂಗಸರಿಬ್ಬರು ಬಟ್ಟೆ ಹೊಲಿಸುವ ನೆಪದಲ್ಲಿ ಅಂಗಡಿಗೆ ಬಂದು, ನೂರ್‌ಜಹಾನ್ ಇಲ್ಲದ ಹೊತ್ತಿನಲ್ಲಿ, ಹುಡುಗಿ ಹೇಗೆ ಎಂದು ಕೇಳಿದರು.

“ನಾನೆಂತ ಸುಳ್ಳು ಹೇಳಲಿಲ್ಲ ಮಾರಾಯ್ರೆ,” ಎಂದರು ಗಿರಿಜಮ್ಮ. “ಹುಡುಗಿ ಚಿನ್ನದಂಥವಳು, ಆದ್ರೆ ಅದಕ್ಕೆ ಈಗ ಮದುವೆ ಮನಸ್ಸಿಲ್ಲ, ಓದಬೇಕು ಅಂತಿದೆ ಅಂದೆ. ಶಮೀಮೇ ನನ್ನ ಹತ್ರ ಹೇಳಿಕೊಂಡು ಅತ್ತಿತ್ತು. ಅವರು ಎದ್ದು ಹೋದ್ರು. ನೂರಿ ಮಾರನೇ ದಿನ ಜೀಪು ತಂದು ಮಿಷನ್ ಹೇರಿಕೊಂಡು ಹೋದ್ಲು.”

“ಶಮೀಮ್ ಈಗ?”

“ಓದ್ತಾ ಇದೆ. ಇದೇ ರಸ್ತೆಲಿ ಕಾಲೇಜಿಗೆ ಹೋಗ್ತದೆ. ಈ ಕಡೆ ನೋಡಬಾರದು ಅಂತ ತಾಯಿ ಹೇಳಿದ್ದಾಳೆ ಕಾಣ್ತದೆ, ನೋಡೂದಿಲ್ಲ.” ಅಷ್ಟು ಹೇಳಿ ಅವರು ಹಲ್ಲಿನಲ್ಲಿ ದಾರ ಕಡಿದರು. ಆಮೇಲೆ ಮೆಲ್ಲಗೆ, “ನನಗೆ ಹೊಲಿಗೆ ಒಬ್ಬಳೇ ಕೂತು ಮಾಡಿ ಅಭ್ಯಾಸ ಇಲ್ಲ” ಎಂದರು.

ಅಲ್ಲಿಂದ ಮುಂದೆ ‘ಕೆರೆ ಬೀದಿ’ಯನ್ನು ನಾನು ಆ ಇಬ್ಬರು ಹೆಂಗಸರಿಗಾಗಿಯೇ ನೋಡಿದೆ. ಆದರೆ ನನ್ನ ಸಮಪಾಲು ಎಂಥ ಕೆಲಸ ಮಾಡಿತ್ತು ಎಂದು ತಿಳಿಯಲು ಮಾರ್ಚ್ ಬರಬೇಕಾಯಿತು. ಆ ಧಾರಾವಾಹಿ ಬರೆದವರಿಗೆ ಒಂದು ಚಾಳಿ ಇತ್ತು. ಬೀದಿಯ ಗಲಾಟೆ, ಜಗಳ, ಭಾಗೀರಥಿ ಆ ಮನೆ ಈ ಮನೆ ಹೊಕ್ಕು ಮಾತಾಡುವುದು ಎಲ್ಲ ಮೊದಲ ಅರ್ಧದಲ್ಲಿ. ದೀಪ ಹಚ್ಚಿದ ಮೇಲಿನ ಒಂಟಿತನ, ಪಶ್ಚಾತ್ತಾಪ, ಅಳು ಕೊನೆಯ ಅರ್ಧದಲ್ಲಿ. ಅಂದರೆ ಮೇಗುಂದದಲ್ಲಿ ಕೂತ ನೂರ್‌ಜಹಾನ್ ಕಂಡದ್ದು ಬಾಯಿಬಡುಕಿ ಭಾಗೀರಥಿಯನ್ನು ಮಾತ್ರ. ಬಾಳಗಡಿಯ ಗಿರಿಜಮ್ಮ ಕಂಡದ್ದು ಯಾರೂ ಬಂದು ಮಾತಾಡಿಸದ, ಒಂಟಿಯಾಗಿ ಅಳುವ ಭಾಗೀರಥಿಯನ್ನು. ಮೇಗುಂದ ಲೈನಿಗೆ ಲೈನೇ ಅವಳನ್ನು ಬಯ್ಯುತ್ತಿತ್ತು, ಬಾಳಗಡಿ ಲೈನಿಗೆ ಲೈನೇ ಅವಳ ಪರ ಕಣ್ಣೀರು ಹಾಕುತ್ತಿತ್ತು. ಹರಿಹರಪುರದ ಬಸ್ಸಿನಲ್ಲಿ ಎರಡೂ ಕಡೆಯವರು ಅಕ್ಕಪಕ್ಕ ಕೂತರೆ ವಾದ ಇಳಿಯುವ ತನಕ ಮುಗಿಯುತ್ತಿರಲಿಲ್ಲವಂತೆ. ಕಂಡಕ್ಟರೇ ನನಗೆ ಹೇಳಿದ್ದು.

ಉಳಿದರ್ಧ ಹೇಳಲು ನಾನಿದ್ದೆನಲ್ಲ. ಆದರೆ ನಾನು ಹೇಳುತ್ತಿದ್ದುದು ಹೇಗೆ? ಅಳುವ ದೃಶ್ಯಗಳು ನನಗೆ ಬೇಸರ, ಆ ಹೊತ್ತಿನಲ್ಲಿ ನಾನು ಬುತ್ತಿ ಬಿಚ್ಚುತ್ತಿದ್ದೆ. ಹಾಗಾಗಿ ನೂರ್‌ಜಹಾನ್‌ಗೆ ದಿನವೂ “ಅತ್ತಳು, ಅಷ್ಟೆ.” ಇನ್ನು ಗಿರಿಜಮ್ಮನಿಗೆ ನೋವಾಗಬಾರದೆಂದು ಮೊದಲರ್ಧದಲ್ಲಿ ಭಾಗೀರಥಿಯ ಒರಟು ಮಾತುಗಳನ್ನೆಲ್ಲ ಒರೆಸಿ, ನಯ ಮಾಡಿ ಹೇಳುತ್ತಿದ್ದೆ. ಒಬ್ಬರಿಗೆ ಸೋಮಾರಿತನದಿಂದ, ಇನ್ನೊಬ್ಬರಿಗೆ ಪ್ರೀತಿಯಿಂದ, ಇಬ್ಬರಿಗೂ ಮೋಸ ಮಾಡಿದೆ. ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಒಂದು ಸಂಜೆ ಫೋನಿನಲ್ಲಿ ನೂರ್‌ಜಹಾನ್ ಎಂದಿನ ಹಾಗೆ ಕೊನೆಯರ್ಧ ಕೇಳಲಿಲ್ಲ. “ಸಾರ್, ಒಂದು ವಿಷಯ. ಮೊನ್ನೆ ಸರಸು ಭಾಗೀರಥಿ ಬಾಗಿಲ ತನಕ ಹೋಗಿ, ಕೈ ಎತ್ತಿ, ತಟ್ಟದೇ ವಾಪಸ್ ಬಂದಳಲ್ಲ. ಅದು ಬಾಳಗಡಿಯವ್ರಿಗೆ ಕಾಣಲಿಲ್ಲ ಅಲ್ವಾ?”

ಯೋಚಿಸಿ ನೋಡಿದೆ. ಮಾತಿಲ್ಲದ ಎರಡು ನಿಮಿಷದ ದೃಶ್ಯ. ಮೊದಲರ್ಧದ್ದು. ಗಿರಿಜಮ್ಮನಿಗೆ ನಾನು ಹೇಳಿಯೇ ಇರಲಿಲ್ಲ, ಹೇಳುವಂಥದ್ದು ಏನಿದೆ ಎಂದುಕೊಂಡಿದ್ದೆ.

“ಇಲ್ಲಮ್ಮ.”

“ನೀವು ಗಿರಿಜಕ್ಕನ ಮನೇಲಿ ಇರೋದಲ್ವಾ? ಶಮೀಮ್ ಹೇಳಿದ್ಲು. ನಾನೂ ಒಂದ್ಸಲ ಬಂದಿದ್ದೆ ಸಾರ್. ರಂಜಾನ್ ಮುಗಿದ ಮೇಲೆ, ಸಿಹಿ ಡಬ್ಬಿ ತಗೊಂಡು. ರಸ್ತೆ ಆಚೆ ನಿಂತು ನೋಡಿದೆ. ಅವರು ತಲೆ ತಗ್ಗಿಸಿ ಹೊಲೀತಾ ಇದ್ರು. ಅವರು ಹೇಳಿದ್ದು ತಪ್ಪು ಅಂತಲ್ಲ ಸಾರ್ ನನಗೆ. ಮೊದಲು ನನ್ನ ಹತ್ರ ಹೇಳಬೇಕಿತ್ತು. ಒಂಬತ್ತು ವರ್ಷ ಎದುರೆದುರು ಕೂತವರು.”

ಮಾರನೆಯ ಬೆಳಿಗ್ಗೆ ನಾನು ಗಿರಿಜಮ್ಮನಿಗೆ ಮೊದಲು ಸರಸುವಿನ ದೃಶ್ಯವನ್ನು ಹೇಳಿದೆ, ಆಮೇಲೆ ನೂರ್‌ಜಹಾನ್ ಹೇಳಿದ್ದನ್ನು, ಒಂದು ಮಾತನ್ನೂ ಒರೆಸದೆ. ಅವರು ಕತ್ತರಿ ಕೆಳಗಿಟ್ಟು ರಸ್ತೆಯ ಆಚೆ ನೋಡಿದರು. “ಹೌದು,” ಎಂದರು. “ಅವಳ ಹತ್ರ ಮೊದಲು ಹೇಳಬೇಕಿತ್ತು. ಅದು ನನ್ನ ತಪ್ಪೇ. ಈಗ ಯಾವ ಮುಖ ಇಟ್ಟುಕೊಂಡು ಹೋಗೂದು?” ನೀವೇ ಒಂದು ಫೋನ್ ಮಾಡಿ ಎಂದೆ. ತಲೆ ಅಲ್ಲಾಡಿಸಿದರು. ನಾನೇ ಮಾತಾಡಲೇ ಎಂದೆ. “ನೀವು ಸುಮ್ಮನಿರಿ ಮಾರಾಯ್ರೆ” ಎಂದರು.

ಏಪ್ರಿಲ್‌ನಲ್ಲಿ ಮೊದಲ ಮಳೆ ಒಂದು ಬಂದುಹೋಗಿ, ಸುತ್ತಲ ಕಾಫಿ ತೋಟಗಳ ಹೂವಿನ ವಾಸನೆ ಕಂಟ್ರೋಲ್ ರೂಮಿಗೆ ಬರುವ ಟ್ರಾನ್ಸ್‌ಫಾರ್ಮರಿನ ಬಿಸಿ ಎಣ್ಣೆಯ ವಾಸನೆಯನ್ನೂ ಮುಚ್ಚಿದ್ದ ದಿನಗಳು. ‘ಕೆರೆ ಬೀದಿ’ಯ ಮೊದಲ ಭಾಗ ಆ ಶುಕ್ರವಾರಕ್ಕೆ ಮುಗಿಯುತ್ತದೆ, ಕೊನೆಯ ಕಂತು ಒಂದು ಗಂಟೆ ಎಂದು ಜಾಹೀರಾತು ಬರತೊಡಗಿತು. ಏಳೂವರೆಯಿಂದ ಎಂಟೂವರೆ. ಅಷ್ಟು ಹೊತ್ತಿಗೆ ನನ್ನ ಸಮಪಾಲಿನ ಮೇಲೆ ನನಗೇ ಹೇಸಿಗೆ ಹುಟ್ಟಿತ್ತು. ಈ ಒಂದನ್ನು ಅರ್ಧ ಮಾಡುವುದಿಲ್ಲ, ಒಂದು ಲೈನಿಗೆ ಪೂರ್ತಿ ಕೊಡುತ್ತೇನೆ ಎಂದು ತೀರ್ಮಾನಿಸಿದೆ. ಯಾರಿಗೆ ಎಂದು ಮಾತ್ರ ತೋಚಲಿಲ್ಲ. ಗಿರಿಜಮ್ಮನನ್ನೇ ಕೇಳಿದೆ. ಇಂಜಿನಿಯರ ಮನೆಯೂ ಸೇರಿ ಇಡೀ ಬಾಳಗಡಿ ನನ್ನನ್ನು ಬೈದರೂ ಸರಿ, ಅವರು ಹೇಳಿದ ಹಾಗೆ ಮಾಡುವುದೆಂದಿದ್ದೆ.

ಅವರು ಯೋಚಿಸಲೂ ಇಲ್ಲ. “ಮೇಗುಂದಕ್ಕೆ ಕೊಡಿ.”

“ನೀವು ಕೊನೇ ಕಂತು ನೋಡೋದು ಬೇಡವಾ?”

“ಅವಳು ಒಂದ್ಸಲನಾದ್ರೂ ಪೂರ್ತಿ ನೋಡಲಿ.”

ಶುಕ್ರವಾರ ಏಳೂವರೆಗೆ ಬಾಳಗಡಿಯನ್ನು ನಿಲ್ಲಿಸಿದೆ. ಫೋನಿನ ರಿಸೀವರ್ ಎತ್ತಿ ಪಕ್ಕಕ್ಕಿಟ್ಟೆ, ಸರ್ಕಾರಿ ಕೆಲಸದಲ್ಲಿ ನಾನು ಮಾಡಿದ ಒಂದೇ ಉದ್ಧಟತನ ಅದು. ಬುತ್ತಿ ಬಿಚ್ಚಲಿಲ್ಲ. ಕೊನೆಯ ಕಂತಿನಲ್ಲಿ ಬಾವಿಗೆ ರಾಟೆ ಬಂತು, ಮುದುಕರು ಕನ್ನಡಕ ಒರೆಸಿಕೊಂಡು ಕೆರೆ ನೋಡುತ್ತ ಕೂತರು. ಕೊನೆಯ ಹತ್ತು ನಿಮಿಷ ಭಾಗೀರಥಿ ಸೀರೆ ಬದಲಾಯಿಸಿ, ಮನೆಗೆ ಬೀಗ ಹಾಕಿ, ಸರಸುವಿನ ಮನೆಯ ಗೇಟಿನ ಮುಂದೆ ಹೋಗಿ ನಿಂತಳು. ಸರಸು ಒಳಗಿಂದ ನೋಡಿದಳು. ಗೇಟು ಹಾಕಿಯೇ ಇತ್ತು. ಭಾಗೀರಥಿ ಹೊರಗೆ, ಸರಸು ಒಳಗೆ, ಇಬ್ಬರ ಮುಖವನ್ನೂ ಒಂದೊಂದು ಸಲ ತೋರಿಸಿ ಹಾಡು ಹಾಕಿ ಮುಗಿಸಿಬಿಟ್ಟರು. ಎರಡನೆಯ ಭಾಗ ಯಾವಾಗ ಎಂದು ಹೇಳಲೂ ಇಲ್ಲ. ನನಗೆ ಟೀವಿಯನ್ನು ಕಿಟಕಿಯಿಂದ ಆಚೆಗೆ ದೂಡುವಷ್ಟು ಸಿಟ್ಟು ಬಂತು. ಇದಕ್ಕಾಗಿಯೇ ಒಂದು ಊರನ್ನು ಕತ್ತಲಲ್ಲಿ ಕೂರಿಸಿದೆನೇ ಎನ್ನಿಸಿತು.

ರಿಸೀವರ್ ಜಾಗಕ್ಕಿಟ್ಟ ಕೂಡಲೇ ಫೋನು ರಿಂಗಾಯಿತು. ಬಾಳಗಡಿಯವರ ಬೈಗುಳ ಎಂದುಕೊಂಡೇ ಎತ್ತಿದೆ. ನೂರ್‌ಜಹಾನ್.

“ಗಿರಿಜಕ್ಕನ ಮನೇಲಿ ಕರೆಂಟ್ ಇತ್ತಾ ಸಾರ್?”

“ಇರಲಿಲ್ಲಮ್ಮ. ನಿಮಗೆ ಪೂರ್ತಿ ಕೊಡಿ ಅಂತ ಅವರೇ ಹೇಳಿದ್ರು.”

“ಹಾಗಾದ್ರೆ ಅವರಿಗೆ ಕಥೆ ಯಾರು ಹೇಳ್ತಾರೆ?”

“ನಾನು ಬೆಳಿಗ್ಗೆ ಹೇಳ್ತೀನಿ.”

“ನೀವು ಹೇಳಬೇಡಿ ಸಾರ್,” ಎಂದರು. “ನೀವು ಹೇಳೋದು ಸರಿ ಇರಲ್ಲ.”

ಶನಿವಾರ ಬೆಳಿಗ್ಗೆ ಒಂಬತ್ತರ ಬಸ್ಸಿನಿಂದ ಅವರು ಇಳಿದರು. ಅಲ್ಲಿಯವರೆಗೆ ನಾನು ಅವರನ್ನು ನೋಡಿರಲಿಲ್ಲ, ದನಿಯಷ್ಟೇ ಗೊತ್ತು. ದನಿಗಿಂತ ಸಣ್ಣ ಆಳು. ರಸ್ತೆ ದಾಟಿ ನೇರ ಅಂಗಡಿಗೆ ಬಂದು, ಮೆಟ್ಟಿಲ ಮೇಲಿದ್ದ ನನ್ನನ್ನು ದಾಟಿ, ಗೋಡೆಗೆ ಒರಗಿಸಿದ್ದ ಸ್ಟೂಲನ್ನು ತಾವೇ ಎಳೆದುಕೊಂಡು ಆ ಖಾಲಿ ಜಾಗದಲ್ಲಿ ಕೂತರು. ಗಿರಿಜಮ್ಮ ಎದ್ದು ನಿಂತಿದ್ದರು. ಅವರೂ ಮತ್ತೆ ಕೂತರು.

“ರಾಟೆ ಹಾಕ್ಸಿದ್ರು ಗಿರಿಜಕ್ಕ,” ಎಂದು ನೂರ್‌ಜಹಾನ್ ಶುರು ಮಾಡಿದರು.

ಅವರು ಹೇಳುವುದನ್ನು ಕೇಳಿದ ಮೇಲೆ ನಾನು ಇಷ್ಟು ದಿನ ಹೇಳಿದ್ದು ಕಥೆಯೇ ಅಲ್ಲ ಎಂದು ಗೊತ್ತಾಯಿತು. ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದರು, ಮುದುಕರ ಶಾಲು ಹೇಗೆ ಜಾರಿತು, ಭಾಗೀರಥಿ ಬೀಗ ಹಾಕಿ ಎಷ್ಟು ಸಲ ಎಳೆದು ನೋಡಿದಳು, ಒಂದನ್ನೂ ಬಿಡಲಿಲ್ಲ. ಒಂದು ಗಂಟೆಯ ಕಂತನ್ನು ಒಂದೂವರೆ ಗಂಟೆ ಹೇಳಿದರು. ಗಿರಿಜಮ್ಮ ರವಿಕೆಯ ತೋಳನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಶೃಂಗೇರಿಯ ಸಂಬಂಧದ ಮಾತಾಗಲೀ, ಜೀಪಿನ ಮಾತಾಗಲೀ ಇಬ್ಬರೂ ಎತ್ತಲಿಲ್ಲ. ಕಥೆ ಕೊನೆಗೆ ಸರಸುವಿನ ಗೇಟಿನ ಹತ್ತಿರ ಬಂತು.

“ಗೇಟ್ ಹಾಕಿತ್ತು,” ಎಂದರು ನೂರ್‌ಜಹಾನ್. ಸೆರಗು ಸರಿ ಮಾಡಿಕೊಂಡರು. “ಸರಸು ಒಳಗಿಂದ ನೋಡಿದ್ಲು. ನೋಡಿ, ತಾನೇ ಬಂದು ಗೇಟ್ ತೆಗೆದ್ಲು. ಬಾ ಒಳಗೆ ಅಂತ ಕೈ ಹಿಡಿದು ಕರಕೊಂಡು ಹೋದ್ಲು ಗಿರಿಜಕ್ಕ. ಅಲ್ಲಿಗೆ ಮುಗೀತು.”

ಗಿರಿಜಮ್ಮನಿಗೆ ನಂಬಿಕೆಯಾಗಲಿಲ್ಲ ಎಂದು ಕಾಣುತ್ತದೆ. ತುಂಬಿದ ಕಣ್ಣು ನನ್ನ ಕಡೆ ತಿರುಗಿಸಿದರು. “ಹೌದಾ ಮಾರಾಯ್ರೆ? ತೆಗೆದ್ಲಾ?”

ನೂರ್‌ಜಹಾನ್ ನನ್ನ ಕಡೆ ನೋಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ದಾರದ ಉಂಡೆಯನ್ನು ಎತ್ತಿ ಸುತ್ತುತ್ತಿದ್ದರು.

“ಹೌದಮ್ಮ,” ಎಂದೆ. “ತೆಗೆದ್ಲು. ನಾನೂ ನೋಡಿದೆ.”